ರಾಜಮಾತೆಗೆ ಬೈದ ಸಂಜೆ

ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ತೆಗೆದು ಕೊಡುವಾಗ ಬಿಂದುಶ್ರೀಯ ಕೈ ನಡುಗಲಿಲ್ಲ. ನಡುಗಿದ್ದು ಅದನ್ನು ಈಸಿಕೊಂಡ ಅತ್ತೆ ರಾಜಲಕ್ಷ್ಮಮ್ಮನವರ ಕೈ. ಆದರೆ ಕಣ್ಣು ತುಂಬಿ ನಿಂತವಳಿಗೆ ಎದುರಿಗಿರುವವರ ಕೈ ಎಲ್ಲಿ ಕಾಣಬೇಕು?

“ನಾಳೆಯಿಂದ ಹಣ್ಣು ಕುಯ್ಯೋಕೆ ಶುರು. ಬುಟ್ಟೀಲಿಡೋ ಬೀಗದ ಕೈನ ಈ ಸಲ ಲೋಹಿತ ತಗೊಳ್ತಾನೆ,” ಎಂದರು ರಾಜಲಕ್ಷ್ಮಮ್ಮ, ಸೊಸೆಯ ಮುಖ ನೋಡದೆ, ಒಲೆಯ ಮೇಲಿನ ಹಾಲನ್ನು ನೋಡುತ್ತಾ. “ಇನ್ನು ಮೇಲೆ ತೋಟ ಅವನೇ ನೋಡ್ಕೊಳ್ಳಿ. ನೀನು ಮಾಡಿದ್ದು ಸಾಕು.”

ಸಾಕು! ಎಂಥ ಮಾತು! ಬಿಂದುಶ್ರೀ “ಆಯ್ತು ಅತ್ತೆ” ಎಂದಳು, ಅಷ್ಟೇ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು. ಒರೆಸಿದಷ್ಟೂ ಮತ್ತೆ ಒದ್ದೆಯಾಯಿತು.

ಹಾನುಬಾಳಿನಿಂದಾಚೆ, ಗುಡ್ಡದ ಮಗ್ಗುಲಿನ ಆ ಕಾಫಿ ತೋಟದ ಮನೆಯಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿದೆ. ಹಣ್ಣು ಕುಯ್ಯಲು ಶುರು ಮಾಡುವ ದಿನ, ಮೊದಲು ತುಂಬಿದ ಬುಟ್ಟಿಯನ್ನು ಕಾಫಿ ದಾಸ್ತಾನಿಡುವ ಸ್ಟೋರಿನ ಹೊಸ್ತಿಲಿಗೆ ತಂದಿಡುತ್ತಾರೆ. ಮನೆಯ ಹಿರಿಯರು ಸ್ಟೋರಿನ ಬೀಗದ ಕೈಯನ್ನು ಆ ಕೆಂಪು ಹಣ್ಣುಗಳ ಒಳಗೆ ಹುದುಗಿಸುತ್ತಾರೆ. ಆ ವರ್ಷ ತೋಟದ ಯಜಮಾನಿಕೆ ಯಾರದೋ ಅವರು ಎಲ್ಲರೆದುರಿಗೆ ಬುಟ್ಟಿಗೆ ಕೈ ಹಾಕಿ, ಬೀಗದ ಕೈ ತೆಗೆದು, ಒಂದು ಹಣ್ಣಿನ ಸಿಹಿ ಚೀಪಿ ಬಾಗಿಲು ತೆರೆಯಬೇಕು. ಗಂಡ ವೆಂಕಟೇಶ ಘಾಟಿಯಲ್ಲಿ ಜೀಪು ಮಗುಚಿ ತೀರಿಕೊಂಡ ವರ್ಷದಿಂದ ಹಾಗೆ ಬುಟ್ಟಿಗೆ ಕೈ ಹಾಕುತ್ತಾ ಬಂದವಳು ಬಿಂದುಶ್ರೀ. ನೆರಳಿನ ಮರಗಳ ಕೊಂಬೆ ಸವರಿ ಮರಗಸಿ ಮಾಡಿಸುವುದರಿಂದ ಹಿಡಿದು, ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ಕಣದಲ್ಲಿ ಕಾಫಿ ಒಣಗಿಸುವವರೆಗೆ ಎಲ್ಲವೂ ಅವಳದೇ. ತೋಟಕ್ಕೆ ಆನೆ ಬಂತೆಂದು ಫೋನ್ ಬಂದರೆ ಕೈಯಲ್ಲಿ ಬ್ಯಾಟರಿ ಹಿಡಿದು ಮೊದಲು ಅಂಗಳಕ್ಕಿಳಿಯುವವಳೂ ಅವಳೇ. ಮಕ್ಕಳಿಲ್ಲದ, ಗಂಡನಿಲ್ಲದ ಆ ಹೆಣ್ಣಿಗೆ ತೋಟವೇ ಮೈಮರೆಸುವ ಜಾಗವಾಗಿತ್ತು, ಆಮೇಲಾಮೇಲೆ ಮೈಗೂಡಿದ ಜಾಗವೂ ಆಯಿತು.

ಮೈದುನ ಲೋಹಿತ್ ಕೆಟ್ಟವನಲ್ಲ, ಪಾಪ. ದೋಣಿಗಲ್ಲಿನಲ್ಲಿ ಜೀಪಿಟ್ಟುಕೊಂಡು ಪ್ರವಾಸಿಗರನ್ನು ಗುಡ್ಡ ಹತ್ತಿಸಿ ಇಳಿಸುತ್ತಾನೆ. ನಗು ಜಾಸ್ತಿ, ಕೆಲಸ ಕಡಿಮೆ. ಕಾಫಿ ಗಿಡಕ್ಕೂ ಅವನಿಗೂ ಎಣ್ಣೆ ಸೀಗೇಕಾಯಿ.

ಹಾಗಾದರೆ ಅತ್ತೆ ಯಾಕೆ ಹೀಗೆ ಮಾಡಿದರು? ಬಿಂದುಶ್ರೀಗೆ ಹೋದ ವಾರದ ನೆನಪಾಯಿತು. ಕೆ. ಹೊಸಕೋಟೆಯಿಂದ ಅವಳ ಅಣ್ಣ ಪುಟ್ಟಸ್ವಾಮಿ ಬಂದಿದ್ದ. ಕಣದ ಮೂಲೆಯಲ್ಲಿ ನಿಂತು ಅತ್ತೆಯ ಜೊತೆ ಗುಸುಗುಸು ಮಾತಾಡಿದ್ದ. ಇವಳು ಹತ್ತಿರ ಹೋದೊಡನೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಅಯ್ಯೋ ಶಿವನೇ... ನನ್ನನ್ನು ತವರಿಗೆ ಸಾಗಹಾಕುವ ಏರ್ಪಾಡು ನಡೆದಿದೆ! ದುಡಿಯುವಷ್ಟು ದಿನ ಸೊಸೆ, ಆಮೇಲೆ ಹೊರಗಿನವಳು...

ಸಂಜೆ ಏಳೂವರೆಗೆ ಆ ಮನೆಯ ಹಜಾರ ತುಂಬುತ್ತದೆ. ತೋಟದ ಆಳುಗಳ ಲೈನಿನ ಮನೆಗಳಲ್ಲಿ ಟಿ.ವಿ. ಇಲ್ಲವೆಂದಲ್ಲ. ಆದರೂ ಈರಮ್ಮ, ಅವಳ ಗಂಡ ದ್ಯಾವಯ್ಯ, ಸೊಸೆ ಲಕ್ಷ್ಮಿ ಎಲ್ಲರೂ ‘ಮಣಿಕೂಟದ ಸಿಂಹಾಸನ’ ನೋಡಲು ಇಲ್ಲಿಗೇ ಬರುತ್ತಾರೆ. “ಧಾರಾವಾಹಿ ಎಲ್ಲಿ ನೋಡಿದ್ರೂ ಒಂದೇಯ. ಅಮ್ಮಾವ್ರು ಬೈಯ್ಯೋದ ಕೇಳೋಕೆ ಇಲ್ಗೇ ಬರ್ಬೇಕು!” ಎಂದು ಈರಮ್ಮ ಬಾಯಿಬಿಟ್ಟು ಹೇಳುತ್ತಾಳೆ. ರಾಜಲಕ್ಷ್ಮಮ್ಮನವರಿಗೆ ಟಿ.ವಿ.ಯಲ್ಲಿರುವವರು ಬಣ್ಣ ಬಳಿದುಕೊಂಡವರೆಂಬ ಅರಿವು ಇದ್ದಂತಿಲ್ಲ. ಮಂತ್ರವಾದಿಗೆ ಹಿಡಿಶಾಪ ಹಾಕುತ್ತಾರೆ, ರೆಕ್ಕೆಯ ಕುದುರೆಗೆ ಗಾಯವಾದರೆ ಅರಿಶಿನ ಹಚ್ಚಿರೋ ಎನ್ನುತ್ತಾರೆ. ಜಾಹೀರಾತು ಬಂದೊಡನೆ ಹಾಸನದಿಂದ ಮಗಳು ಚೈತ್ರಶ್ರೀಯ ಫೋನು ಬರಲೇಬೇಕು. ಕಥೆಯ ಪಂಚಾಯಿತಿ ತಾಯಿ ಮಗಳಿಬ್ಬರ ನಡುವೆ ನಡೆಯುತ್ತದೆ, ಸ್ಪೀಕರ್ ಹಾಕಿದ ಫೋನಿನಲ್ಲಿ ಮಿಕ್ಕವರೂ ಬಾಯಿ ಹಾಕುತ್ತಾರೆ.

ಅಂದು ಬಿಂದುಶ್ರೀ ಕೋಣೆಯಲ್ಲೇ ಉಳಿದಿದ್ದಳು.

“ಬಿಂದೂ, ಶುರುವಾಯ್ತು ಬಾರೇ!” ಎಂದು ರಾಜಲಕ್ಷ್ಮಮ್ಮ ಎಂದಿನಂತೆ ಕೂಗಿದರು. ಬೆಳಿಗ್ಗೆ ‘ಸಾಕು’ ಎಂದ ಬಾಯಿಯೇ ಸಂಜೆ ಕರೆಯುತ್ತಿದೆಯಲ್ಲ! ಅಭ್ಯಾಸ ನೋಡಿ, ಅದಕ್ಕೆ ಮುನಿಸು ಗೊತ್ತಿಲ್ಲ. ಬಿಂದುಶ್ರೀ ಅವರೆಕಾಯಿಯ ಮೊರ ಹಿಡಿದು ಬಾಗಿಲ ಬಳಿ ಬಂದು ಕುಳಿತಳು. ಲೋಹಿತ್ ಗೋಡೆಗೊರಗಿ ಕುಳಿತಿದ್ದ. ಅತ್ತಿಗೆಯನ್ನು ಕಂಡು ತಲೆ ತಗ್ಗಿಸಿದ.

ಅಂದಿನ ಕಂತಿನಲ್ಲಿ ಮಣಿಕೂಟ ರಾಜ್ಯದಲ್ಲಿ ಪಟ್ಟಾಭಿಷೇಕ. ಯುವರಾಜ ರಾಕ್ಷಸರ ಜೊತೆ ಕಾದಾಡಿ ಸತ್ತ ಮೇಲೆ ಅವನ ಹೆಂಡತಿ ಮೇಘಾವತಿಯೇ ಕೋಟೆ ಕಾಯುತ್ತಾ ಬಂದಿದ್ದಾಳೆ. ಕಿರೀಟದ ಮಣಿಯೋ ಮಾಯದ್ದು, ಯೋಗ್ಯರು ಹತ್ತಿರ ಬಂದರೆ ಹೊಳೆಯುತ್ತದೆ. ಮೇಘಾವತಿ ಬಂದಾಗ ಅದು ಹೊಳೆಯಿತು, ಸಭೆಯೆಲ್ಲ ಬೆಳಗಿತು. ರಾಜಮಾತೆಯ ಕಿರಿಯ ಮಗ ಚಿತ್ರಸೇನ ಬಂದಾಗ ಮಣಿ ಮಂಕಾಯಿತು. ಆದರೂ ರಾಜಮಾತೆ ಕಿರೀಟವನ್ನೆತ್ತಿ ಚಿತ್ರಸೇನನ ತಲೆಗೇ ಇಟ್ಟುಬಿಟ್ಟಳು! ಮೇಘಾವತಿ ತನ್ನ ಕತ್ತಿಯನ್ನು ರಾಜಮಾತೆಯ ಕಾಲ ಬಳಿ ಇಟ್ಟು ಕೋಟೆ ಬಿಟ್ಟು ಹೊರಟಳು.

“ಥೂ ನಿನ್ನ! ಮುದಿ ಗೂಬೆ!” ರಾಜಲಕ್ಷ್ಮಮ್ಮ ಎದ್ದೇ ನಿಂತರು. “ನಿನ್ನ ಕೈಗೆ ಹುಳ ಬೀಳ! ಮಗ ಸತ್ತಾಗ ಕೋಟೆ ಕಾದೋಳು ಯಾರೇ? ರಾಕ್ಷಸ್ರ ಮುಂದೆ ನಿಂತೋಳು ಯಾರೇ? ಆ ಬೇಟೆ ಆಡ್ಕೊಂಡು ತಿರುಗೋನಿಗೆ ಕಿರೀಟ ಮಡಗ್ತೀಯಲ್ಲ, ನಿಂಗೆ ಕಣ್ಣಿಲ್ವಾ? ಅತ್ತೆಯೇನೇ ನೀನು? ಆ ಮಗಿನ ಹೊಟ್ಟೆ ಉರಿ ನಿನ್ನ ಸುಮ್ನೆ ಬಿಡಾಕಿಲ್ಲ!”

ಯಾರೂ ನಗಲಿಲ್ಲ. ಬೀಗದ ಕೈಯ ಸುದ್ದಿ ಬೆಳಿಗ್ಗೆಯೇ ಲೈನಿಗೆ ಮುಟ್ಟಿತ್ತು. ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದ್ಯಾವಯ್ಯ ಸೂರು ನೋಡತೊಡಗಿದ. ಬಿಂದುಶ್ರೀಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ರಾಜಲಕ್ಷ್ಮಮ್ಮನವರಿಗೆ ಮಾತ್ರ ತಾವು ಬೈದದ್ದು ಯಾರಿಗೆಂದು ಇನ್ನೂ ಹೊಳೆದಿರಲಿಲ್ಲ, ಕೋಪಕ್ಕೆ ಉಬ್ಬಸ ಬಂದಿತ್ತು.

ಜಾಹೀರಾತು ಬಂತು. ಫೋನು ಹೊಡೆದುಕೊಂಡಿತು.

“ಅವ್ವಾ, ನೋಡಿದ್ಯಾ?” ಬೆಳಗಿನ ಸುದ್ದಿಯೇನೂ ಗೊತ್ತಿಲ್ಲದ ಚೈತ್ರಶ್ರೀ ಅತ್ತಲಿಂದ ಕೂಗಿದಳು. “ನಂಗಂತೂ ಅಳು ತಡೆಯೋಕೆ ಆಗ್ಲಿಲ್ಲ. ಮೇಘಾವತಿ ಜಾಗದಲ್ಲಿ ನಮ್ಮತ್ತಿಗೆನೇ ಕಂಡ್ಬುಟ್ರು ಕಣವ್ವ. ಸದ್ಯ, ನಮ್ಮನೇಲಿ ನೀನಿದ್ದೀಯ! ಅಂಥಾ ರಾಜಮಾತೆ ನಮ್ಮತ್ತಿಗೆಗೆ ಸಿಗ್ಲಿಲ್ವಲ್ಲ, ಅದೇ ಪುಣ್ಯ!”

ರಾಜಲಕ್ಷ್ಮಮ್ಮ ಹಜಾರದಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ತಮ್ಮದೇ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು... ಫೋನು ಇಟ್ಟು, ಟಿ.ವಿ. ಆರಿಸಿ ಹೊರಗೆ ನಡೆದರು.

ಬಿಂದುಶ್ರೀ ಹಿಂದೆಯೇ ಹೋದಳು. ಅತ್ತೆ ಸ್ಟೋರಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಇಷ್ಟು ದೊಡ್ಡ ಬಾಯಿಯ ಹೆಂಗಸು ಅಷ್ಟು ಸಣ್ಣಗೆ ಕಂಡದ್ದು ಅವಳಿಗೆ ಅದೇ ಮೊದಲು.

“ಬೈಯ್ಯೋದಿದ್ರೆ ಬೈದ್ಬುಡು,” ಎಂದರು.

“ನಾನ್ಯಾಕೆ ಬೈಲಿ ಅತ್ತೆ? ನೀವೇ ಬೈದ್ರಲ್ಲ.” ಬಿಂದುಶ್ರೀ ಮೆಟ್ಟಿಲ ಹತ್ತಿರಕ್ಕೆ ಬಂದಳು. “ಒಂದೇ ಒಂದು ಹೇಳಿ. ನಾನೇನು ತಪ್ಪು ಮಾಡ್ದೆ? ನನ್ನ ಊರಿಗೆ ಕಳಿಸೋಕೆ ಅಣ್ಣನ ಕರೆಸಿದ್ರಲ್ಲ... ಹೊರಗಿನೋಳು ಅಂತ್ಲಾ?”

“ಹೊರಗಿನೋಳಾ!” ರಾಜಲಕ್ಷ್ಮಮ್ಮ ತಲೆಯೆತ್ತಿದರು. “ನಿಂಗೆ ಹಂಗನ್ನಿಸ್ತಾ ಮಗಾ? ಅಯ್ಯೋ ನನ್ನ ಹಣೆಬರವೇ... ನಿಮ್ಮಣ್ಣ ಬಂದಿದ್ದು ನಿನಗೊಂದು ಗಂಡಿನ ವಿಷ್ಯಕ್ಕೆ ಕಣೇ. ಆಲೂರಲ್ಲಿ ಮೇಷ್ಟ್ರಂತೆ, ರಾಜಶೇಖರ್ ಅಂತ. ಹೆಂಡ್ತಿ ತೀರ್ಕೊಂಡವ್ಳೆ. ಒಳ್ಳೇ ಮನುಷ್ಯ ಅಂದ. ಬಿಂದು ತೋಟ ಬಿಟ್ಟು ಬರಾಕಿಲ್ಲ, ಕೇಳಿದ್ರೂ ಒಪ್ಪಾಕಿಲ್ಲ ಅಂದ. ಅದುಕ್ಕೇ ನಾನೇ ಬಿಡಿಸ್ಬುಡ್ತೀನಿ ಅಂದೆ. ನನ್ನ ಮೇಲೆ ಸಿಟ್ಟು ಬಂದಾದ್ರೂ ಹೋಗ್ಲಿ ಅಂತ...”

“ನಂಗೆ ಗಂಡಾ?” ಎಂದಳು ಬಿಂದುಶ್ರೀ.

“ಲೋಹಿತ ತೊಟ್ಟಿಲಲ್ಲಿದ್ದಾಗ ನಿಮ್ಮಾವ ಹೋಗ್ಬುಟ್ರು,” ರಾಜಲಕ್ಷ್ಮಮ್ಮ ಹೇಳುತ್ತಾ ಹೋದರು. “ನಮ್ಮಪ್ಪ ನನ್ನ ಕರ್ಕೊಂಡು ಹೋಗೋಕೆ ಬಂದಿದ್ರು. ಅಷ್ಟರಲ್ಲಿ ನಮ್ಮತ್ತೆ ಇದೇ ಬೀಗದ ಕೈನ ಬುಟ್ಟೀಲಿಟ್ಟು, ‘ತಕ್ಕೊಳವ್ವ, ನೀನೇ ಈ ಮನೆ ದೇವ್ರು’ ಅಂದ್ಲು. ಊರೆಲ್ಲ ಹೊಗಳ್ತು. ಹೊಗಳಿ ಹೊಗಳಿ ಕಟ್ಟಾಕ್ಬುಟ್ರು ಕಣೇ ನನ್ನ! ಆಮೇಲೆ ಒಬ್ರಾದ್ರೂ, ನಿನಗೇನು ಬೇಕೇ ರಾಜೀ ಅಂತ ಕೇಳ್ಲಿಲ್ಲ. ನಿನಗೂ ಹಂಗಾಗ್ಬಾರ್ದು ಅಂತ... ನನ್ನ ಮಗ ಇಲ್ಲ, ನೀನಾದ್ರೂ ಒಂದು ಬದುಕು ಕಾಣು ಅಂತ...” ಮುಂದಿನ ಮಾತು ಅಳುವಿನಲ್ಲಿ ಕೊಚ್ಚಿಹೋಯಿತು.

ಬಿಂದುಶ್ರೀಯೂ ಅತ್ತಳು. ಅತ್ತೆಯ ಪಕ್ಕದಲ್ಲೇ, ಅದೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತಳು. ಆದರೆ ಅತ್ತು ಮುಗಿದ ಮೇಲೆ ಅವಳಿಗೆ ಸಿಟ್ಟು ಬಂತು!

“ನಿಮ್ಮನ್ನ ಯಾರೂ ಕೇಳ್ಲಿಲ್ಲ. ಸರಿ. ನೀವು ನನ್ನ ಕೇಳಿದ್ರಾ ಅತ್ತೆ?”

ರಾಜಲಕ್ಷ್ಮಮ್ಮ ಕಣ್ಣು ಪಿಳಿಪಿಳಿ ಬಿಟ್ಟರು.

“ನಿಮಗೆ ಈ ಬೀಗದ ಕೈ ಬೇಡಿ ಆಯ್ತೇನೋ. ನನಗೆ ಹಂಗಲ್ಲ. ಅವರು ಹೋದ ಮೇಲೆ ನಾನು ಮತ್ತೆ ಊಟ ಮಾಡೋಕೆ, ನಗೋಕೆ ಶುರು ಮಾಡಿದ್ದು ಈ ತೋಟದಿಂದ. ಇನ್ನು ಮದುವೆ... ಆ ಮೇಷ್ಟ್ರ ಮುಖಾನೇ ನಾನು ನೋಡಿಲ್ಲ. ಬೇಕಾ ಬೇಡ್ವಾ ಅಂತ ನೋಡಿ ಹೇಳ್ತೀನಿ. ಬೇಕು ಅನ್ನಿಸಿದ್ರೆ ಬಾಯಿಬಿಟ್ಟೇ ಹೇಳ್ತೀನಿ, ನಂಗೇನು ನಾಚಿಕೆ? ಆದ್ರೆ ಗಂಡ ಬೇಕಾದೋಳು ತೋಟ ಬಿಡ್ಬೇಕು ಅಂತ ಎಲ್ಲೈತೆ? ಲೋಹಿತನಿಗೆ ಬೀಗದ ಕೈ ಕೊಡುವಾಗ, ಮದುವೆ ಆಗ್ಬೇಡ ಅಂತ ಹೇಳಿದ್ರಾ?”

ಜಗತ್ತಿನಲ್ಲಿರುವ ರಾಜಮಾತೆಯರಿಗೆಲ್ಲ ಉತ್ತರ ಹೇಳಬಲ್ಲ ಹೆಂಗಸು ಅಂದು ಸೊಸೆಯ ಕೈ ಹಿಡಿದು, “ಇದು ನಂಗೆ ಹೊಳೀಲೇ ಇಲ್ವಲ್ಲೇ,” ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಬಿಸಿಲು ಗುಡ್ಡ ಇಳಿದು ಕಣಕ್ಕೆ ಬರುವ ಹೊತ್ತಿಗೆ ಮೊದಲ ಬುಟ್ಟಿ ಸ್ಟೋರಿನ ಹೊಸ್ತಿಲಿಗೆ ಬಂದಿತ್ತು. ಕುಯ್ಯುವವರೆಲ್ಲ ಸುತ್ತ ನಿಂತಿದ್ದರು. ರಾಜಲಕ್ಷ್ಮಮ್ಮ ಬೀಗದ ಕೈಯನ್ನು ಹಣ್ಣಿನೊಳಗೆ ಹುದುಗಿಸಿ ನಿಂತರು. ಯಾರ ಹೆಸರು ಕರೆಯುತ್ತಾರೋ ಎಂದು ಎಲ್ಲರೂ ಕಾದರು. ಅವರು ಹೆಸರು ಕರೆಯಲಿಲ್ಲ. ಸೊಸೆಯ ಕಡೆ ತಿರುಗಿದರು.

“ಬಿಂದು, ಎಲ್ಲಾರ ಮುಂದೆ ಕೇಳ್ತಿದೀನಿ. ನಿನಗೆ ಇದು ಬೇಕೇನವ್ವ? ಬೇಕಾದ್ರೆ ತಗೋ. ಬ್ಯಾಡಾದ್ರೆ ಬಿಡು. ತಗೊಂಡ್ರೂ ಬಿಟ್ರೂ, ನಾಳೆ ಎಲ್ಲಿಗೇ ಹೋದ್ರೂ, ಇದು ನಿನ್ನ ಮನೆ.”

ಆ ಮನೆಯ ಪದ್ಧತಿಯಲ್ಲಿ ಕೊಡುವುದಿತ್ತು, ತೆಗೆದುಕೊಳ್ಳುವುದಿತ್ತು. ಕೇಳುವುದು ಇರಲಿಲ್ಲ.

“ಬೇಕು ಅತ್ತೆ,” ಎಂದಳು ಬಿಂದುಶ್ರೀ.

ಮೊಣಕೈವರೆಗೆ ಬುಟ್ಟಿಯೊಳಗೆ ಕೈ ಹಾಕಿ ಬೀಗದ ಕೈ ತೆಗೆದಳು. ಒಂದು ಹಣ್ಣು ಚೀಪಿದಳು. ಅಂಟಂಟು ಕೈಯಲ್ಲೇ ಬಾಗಿಲು ತೆರೆದಳು. ಈರಮ್ಮ ಹೋ ಎಂದು ಕೂಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಬದುಕ್ದೆ ಮಾರಾಯ!” ಎಂದ ಲೋಹಿತ್, ದೊಡ್ಡ ಉಸಿರು ಬಿಟ್ಟು. “ಅವ್ವಾ, ನನ್ನನ್ನೂ ನೀನು ಕೇಳ್ಲಿಲ್ಲ ಕಣವ್ವ! ಇಡೀ ರಾತ್ರಿ ನಿದ್ದೆ ಬಂದಿಲ್ಲ ನಂಗೆ.”

“ಸುಮ್ನಿರೋ ಚಿತ್ರಸೇನ! ಹೋಗಿ ಪಲ್ಪರ್‌ಗೆ ನೀರು ಬಿಡು,” ಎಂದಳು ಬಿಂದುಶ್ರೀ. ಕಣವೆಲ್ಲ ನಕ್ಕಿತು.

ಅಂದು ಸಂಜೆ ಏಳೂವರೆಗೆ ಹಜಾರ ಮತ್ತೆ ತುಂಬಿತು. ಎಲ್ಲರೂ ಮೈಯೆಲ್ಲ ಕಿವಿಯಾಗಿ ಕುಳಿತರು, ರಾಜಮಾತೆಗೆ ಇವತ್ತು ಬೀಳುವ ಬೈಗುಳ ಕೇಳಲು. ತೆರೆಯ ಮೇಲೆ ರಾಜಮಾತೆ ಒಬ್ಬಳೇ ಕುಳಿತಿದ್ದಳು, ಮೇಘಾವತಿ ಬಿಟ್ಟುಹೋದ ಕತ್ತಿ ಅವಳ ಕಾಲ ಬಳಿ ಇನ್ನೂ ಬಿದ್ದಿತ್ತು. ರಾಜಲಕ್ಷ್ಮಮ್ಮ ಸುಮ್ಮನಿದ್ದರು. ಈರಮ್ಮನಿಗೆ ತಡೆಯಲಾಗಲಿಲ್ಲ.

“ನೋಡಿ ಅಮ್ಮಾವ್ರೇ, ಹೆಂಗೆ ಕುಂತವ್ಳೆ ಹಾಳಾದೋಳು! ಅವಳ ಮನೆ...”

“ಬೈಬ್ಯಾಡ ಕಣೇ,” ಎಂದರು ರಾಜಲಕ್ಷ್ಮಮ್ಮ. ಪಕ್ಕದಲ್ಲಿ ಕುಳಿತಿದ್ದ ಸೊಸೆಯ ಮೊರದಿಂದ ಒಂದು ಹಿಡಿ ಅವರೆಕಾಯಿ ತಮ್ಮ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದರು. “ಪಾಪ, ಅವಳ ಮನಸ್ಸಲ್ಲಿ ಏನಿತ್ತೋ. ಒಂದು ಮಾತು ಕೇಳಿ ಮಾಡಿದ್ದಿದ್ರೆ ಆಗ್ತಿತ್ತು.”