ಕೀಬೋರ್ಡ್ ಕೆಟ್ಟಿರಲಿಲ್ಲ

"ಏನ್ರೀ, ಇದರ ಮೇಲೆ ಟೀ ಗೀ ಚೆಲ್ಲಿದ್ರಾ?"

ಇಂದ್ರಾಣಿಯ ಜೊತೆ ನಾನು ಆಡಿದ ಮೊದಲ ಮಾತು ಇದು. ಮನಸ್ಸು ಕೊಟ್ಟ ಹುಡುಗಿಯ ಜೊತೆ ಯಾರಾದರೂ ಹೀಗೆ ಶುರು ಮಾಡುತ್ತಾರಾ? ಏನು ಮಾಡಲಿ, ಕಂಪ್ಯೂಟರ್ ರಿಪೇರಿಯವರು ಹೋದಲ್ಲೆಲ್ಲ ಕೇಳುವುದು ಅದನ್ನೇ.

"ನಾನು ಟೀ ಕುಡಿಯಲ್ಲ ಸರ್."

"ಕಾಫಿ?"

"ಅದೂ ಇಲ್ಲ."

"ಮತ್ತೆ ಇದು ಯಾಕೆ ಕೆಡ್ತು?"

"ಅದನ್ನ ಹೇಳಕ್ಕೆ ತಾನೆ ನಿಮ್ಮನ್ನ ಕರ್ಸಿರೋದು?"

ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ ಗೊಳ್ಳೆಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ಹಾಕಿಬಿಟ್ಟೆ.

ಅದು ೧೯೯೯ನೇ ಇಸವಿ. ನಾನು, ನಂಜೇಶ್, ನಂಜನಗೂಡಿನ ಒಂದು ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಟಿ. ನರಸೀಪುರದ ತಾಲ್ಲೂಕು ಆಫೀಸಿನ ಎದುರು ಶಿವಸ್ವಾಮಿಯವರ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ. ಅವರ ಜೊತೆ ವರ್ಷದ ಕಾಂಟ್ರಾಕ್ಟ್ ಇತ್ತು, ಕರೆದಾಗೆಲ್ಲ ಓಡಬೇಕು. ಅರ್ಜಿ, ಅಫಿಡವಿಟ್ಟು, ಲಗ್ನಪತ್ರಿಕೆ ಟೈಪ್ ಮಾಡಲು ಅಲ್ಲಿ ಹೊಸದಾಗಿ ಸೇರಿದ್ದವಳು ಇಂದ್ರಾಣಿ.

ತೊಂದರೆ ಇಷ್ಟೇ. ಬೆಳಿಗ್ಗೆ ಅವಳು ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ 'ಕೀಬೋರ್ಡ್ ಎರರ್' ಎಂದು ಬಂದು, ಬೀಪ್ ಬೀಪ್ ಎಂದು ಅರಚಿಕೊಂಡು ಕಂಪ್ಯೂಟರ್ ನಿಂತುಬಿಡುತ್ತಿತ್ತು. ಎರರ್ ಬಂದರೆ ಏನನ್ನೂ ಒತ್ತಬೇಡ, ಆಫ್ ಮಾಡು ಎಂದು ಶಿವಸ್ವಾಮಿಯವರ ಕಟ್ಟಪ್ಪಣೆ. ಅವಳು ಆಫ್ ಮಾಡಿ ಮತ್ತೆ ಹಾಕುವಳು, ಮತ್ತೆ ಎರರ್. ಶಿವಸ್ವಾಮಿಯವರೇ ಎದ್ದು ಬಂದು ನಿಂತುಕೊಂಡು ಸ್ವಿಚ್ ಒತ್ತಿದರೆ ಮಾತ್ರ ಏನೂ ಆಗದ ಹಾಗೆ ಶುರುವಾಗುತ್ತಿತ್ತು.

ನಾನು ಕೀಬೋರ್ಡಿನ ವೈರ್ ಕಿತ್ತು ಪಿನ್ನು ಸೊಟ್ಟಗಾಗಿದೆಯೇ ನೋಡಿದೆ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದೆ, ಬ್ರಷ್ಷಿನಿಂದ ಗುಡಿಸಿದೆ. ಆರಿದ ಮಾನಿಟರಿನ ಗಾಜಿನಲ್ಲಿ ಹಿಂದೆ ನಿಂತಿದ್ದ ಅವಳ ಮುಖ ಕಾಣುತ್ತಿತ್ತು. ಕದ್ದು ನೋಡಿದೆ. ಅವಳೂ ಅದೇ ಗಾಜಿನಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಧೂಳು ಅಲ್ಲಿಲ್ಲ ಸರ್, ಕೆಳಗಿದೆ," ಅಂದಳು ಗಂಭೀರವಾಗಿ. ಹಾಗೆ ಹೇಳುವಾಗ ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಗಿತ್ತು.

ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತುಟಿಯ ಕೊನೆಯನ್ನೇ ನೆನೆಸಿಕೊಂಡು ಹೋದೆ.

ನಾಲ್ಕೇ ದಿನಕ್ಕೆ ಮತ್ತೆ ಫೋನು. ಈ ಸಲ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ ಹೊಸ ಕೀಬೋರ್ಡನ್ನೇ ಜೋಡಿಸಿದೆ. ಜೋಡಿಸುತ್ತಾ ಮಾತಿಗೆಳೆದೆ. ಬನ್ನೂರಿನಲ್ಲಿ ಬೋರಯ್ಯ ಮೇಷ್ಟ್ರ ಹತ್ತಿರ ಟೈಪಿಂಗ್ ಕಲಿತಳಂತೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸಂತೆ. ಅವರ ಮನೆಯಲ್ಲಿ ಸಂಬಳ ತರುವವಳು ಇವಳೊಬ್ಬಳೇ ಅಂತೆ.

"ಬನ್ನೂರಲ್ಲಿ ಮನೆ ಎಲ್ಲಿ?"

"ಊರಾಚೆ ನಮ್ಮ ಬೀದೀಲಿ ಒಂದು ಬುದ್ಧನ ಗುಡಿ ಐತೆ. ಅದರ ಹಿಂದೆ."

ಹೇಳಿ ನನ್ನ ಮುಖವನ್ನೇ ನೋಡಿದಳು. ದಲಿತರ ಕೇರಿ ಎಂದು ಅರ್ಥವಾಯಿತು. ನನ್ನ ಕುತ್ತಿಗೆಯ ಶಿವದಾರ ನೋಡಿ ನಾನು ಲಿಂಗಾಯತರ ಹುಡುಗ ಎಂದು ಅವಳಿಗೂ ಅರ್ಥವಾಗಿತ್ತು. "ಓಹೋ" ಎಂದು ಸ್ಕ್ರೂ ತಿರುಗಿಸುತ್ತಾ ಕೂತೆ.

ಮೂರನೇ ಸಲ ಬೆಳಗಿನ ಮೊದಲ ಬಸ್ಸಿಗೇ ಹೋದೆ. ಅಂಗಡಿ ಆಗ ತಾನೆ ತೆಗೆದಿದ್ದರು. ಇಂದ್ರಾಣಿ ಜಡೆಯನ್ನು ಹಿಂದಕ್ಕೆ ಹಾಕಿಕೊಂಡು ಕೂತಳು, ಸ್ವಿಚ್ ಒತ್ತಿದಳು. ಒತ್ತಿದ ತಕ್ಷಣ ಬೆನ್ನು ನೆಟ್ಟಗೆ ಮಾಡಿ, ಬೆರಳುಗಳನ್ನು ಕೀಬೋರ್ಡಿನ ನಡುಸಾಲಿನ ಮೇಲೆ ಸಾಲಾಗಿ ಇಟ್ಟು ಕಾಯತೊಡಗಿದಳು. ಎಷ್ಟು ಚೆಂದದ ಬೆರಳು! ನೋಡುತ್ತಾ ನಿಂತವನಿಗೆ ಬೀಪ್ ಬೀಪ್ ಕೇಳಿಸಿದಾಗಲೇ ಎಚ್ಚರವಾಗಿದ್ದು.

ಎಲ್ಲ ಅಲ್ಲೇ ಹೊಳೆಯಿತು. ಕುರ್ಚಿಯಲ್ಲಿ ಕೂತ ಕೂಡಲೇ ಬೆರಳು ನಡುಸಾಲಿನಲ್ಲಿರಬೇಕು. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೊದಲ ಪಾಠ ಅದು. ತಪ್ಪಿದರೆ ಬೋರಯ್ಯ ಮೇಷ್ಟ್ರು ಗೆಣ್ಣಿನ ಮೇಲೆ ಸ್ಕೇಲಿನಲ್ಲಿ ಬಿಡುತ್ತಿದ್ದರಂತೆ. ಟೈಪ್‌ರೈಟರಿನ ಕೀ ಬಿಗಿ, ಬೆರಳಿಟ್ಟರೆ ಜಗ್ಗುವುದಿಲ್ಲ. ಕಂಪ್ಯೂಟರಿನದು ಮೆತ್ತಗೆ, ಬೆರಳಿನ ಭಾರಕ್ಕೇ ಇಳಿಯುತ್ತದೆ. ಶುರುವಾಗುವ ಹೊತ್ತಿನಲ್ಲಿ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಗ ಯಾವುದಾದರೂ ಕೀ ಕೆಳಗಿದ್ದರೆ, ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಎರರ್ ಕೊಡುತ್ತದೆ. ಶುರುವಾಗುವ ತನಕ ಕೈ ತೊಡೆಯ ಮೇಲಿಟ್ಟುಕೊಳ್ಳಿ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಹೇಳಲಿಲ್ಲ. ಹೇಳಿದರೆ ನನ್ನನ್ನು ನರಸೀಪುರಕ್ಕೆ ಇನ್ನು ಯಾರು ಕರೆಯುತ್ತಾರೆ?

"ಎಲ್ಲೋ ಲೂಸ್ ಕಾಂಟ್ಯಾಕ್ಟು ಸಾರ್. ಇನ್ನೂ ಒಂದೆರಡು ಸಲ ಬಂದು ನೋಡ್ಬೇಕು," ಅಂದೆ.

ಶಿವಸ್ವಾಮಿಯವರು ತಲೆ ಕೆರೆದುಕೊಂಡರು. "ಅಲ್ಲ ಕಣಪ್ಪ, ನಾನು ಆನ್ ಮಾಡಿದ್ರೆ ಸರಿಯಾಗೇ ಬತ್ತದೆ. ಇವಳು ಕೂತ್ರೆ ಎರರ್ರು. ಇದೇನಿದು, ಇವಳ ಕೈಗುಣವಾ?"

ನನಗೆ ಅವಳನ್ನು ರೇಗಿಸುವ ಆಸೆ. ಅವಳ ಕಡೆ ಕಣ್ಣು ಮಿಟುಕಿಸಿ, "ಕೆಲವರ ಕೈಗುಣ ಹಂಗೆ ಸಾರ್, ಮಿಷನ್ನೂ ನಾಚ್ಕೊಂಡ್‌ಬಿಡ್ತದೆ," ಅಂದೆ.

ಬೆಂಚಿನ ಮೇಲೆ ಅರ್ಜಿ ಹಿಡಿದು ಕೂತಿದ್ದ ಬಿಳಿ ಪಂಚೆಯ ಯಜಮಾನರೊಬ್ಬರು ಬಾಯಿ ಹಾಕಿದರು. "ನಾಚ್ಕೆ ಅಲ್ಲ ಬುಡಿ. ಯಾವ ಕೇರಿ ಕೈ ಅಂತ ಮಿಷನ್ನಿಗೂ ಗೊತ್ತಾಯ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೌದು, ನಕ್ಕೆ. ಎಲ್ಲರೂ ನಕ್ಕಾಗ ಜೊತೆಗೆ ನಗುವುದು ಚಿಕ್ಕಂದಿನಿಂದ ಅಭ್ಯಾಸ. ನಗು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಎಂಥ ಮಾತು ಎಂದು ತಲೆಗೆ ಹೋಯಿತು. ಥೂ, ನನ್ನ ಜನ್ಮಕ್ಕಿಷ್ಟು!

ಇಂದ್ರಾಣಿ ತಾನು ಬೆರಳಿಟ್ಟಿದ್ದ ಕೀಗಳನ್ನು ದುಪಟ್ಟಾದ ತುದಿಯಿಂದ ಒರೆಸಿ, ಎದ್ದು ಶಿವಸ್ವಾಮಿಯವರಿಗೆ ಜಾಗ ಬಿಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಎರಡು ವಾರ ಫೋನಿಲ್ಲ. ತಡೆಯಲಾರದೆ ನಾನೇ ಹೋದೆ. ಅವಳ ಕುರ್ಚಿ ಖಾಲಿ ಇತ್ತು.

"ಬುಟ್ಟೋದ್ಲು ಕಣಪ್ಪ," ಅಂದರು ಶಿವಸ್ವಾಮಿ. "ಮಿಷನ್ ಮುಟ್ಬೇಡ, ಜೆರಾಕ್ಸಿಗೆ ಪೇಪರ್ ಎತ್ಕೊಡು ಸಾಕು ಅಂದೆ. ಆವತ್ತಿನ ಮಾತು ಊರೆಲ್ಲ ಹಬ್ಬಿತ್ತು ನೋಡು, ಅವಳ ಕೈಲಿ ಪೇಪರ್ ತಕೊಳ್ಳಕ್ಕೂ ಜನ ಕಿಸಿಕಿಸಿ ಅನ್ನೋರು. ಪಕ್ಕದ ಅಂಗಡಿಯೋರು ಅವಳನ್ನ ಸೇರಿಸ್ಕೊಳ್ಳೋಣ್ವಾ ಅಂತ ಕೇಳಿದ್ರು. ಮಿಷನ್ ಕೆಡಿಸ್ತಾಳೆ, ಬ್ಯಾಡ ಅಂದೆ. ಅವಳು ಹೋದ ಮೇಲೆ ಒಂದಿನಾನೂ ಎರರ್ ಬಂದಿಲ್ಲ ಕಣಯ್ಯ!"

ಒಂದು ಹುಡುಗಿಯ ಅನ್ನ ಕಿತ್ತುಕೊಂಡಿದ್ದೆ. ಅದೂ ಪ್ರೀತಿಯ ಹೆಸರಿನಲ್ಲಿ.

ಬನ್ನೂರಿಗೆ ಹೋದೆ. ಬೋರಯ್ಯ ಮೇಷ್ಟ್ರ ಇನ್‌ಸ್ಟಿಟ್ಯೂಟಿನಲ್ಲಿ ಇಂದ್ರಾಣಿ ಟೈಪ್‌ರೈಟರಿನ ರಿಬ್ಬನ್ ಸುತ್ತುತ್ತಿದ್ದಳು. ಬೆರಳ ತುದಿಯೆಲ್ಲ ಕಪ್ಪಾಗಿತ್ತು. ನಿಂತಲ್ಲೇ ಎಲ್ಲ ಹೇಳಿದೆ. ಬೆರಳು, ಕೀ, ಎರರ್, ಗೊತ್ತಿದ್ದೂ ಸುಮ್ಮನಿದ್ದದ್ದು.

ಅವಳು ರಿಬ್ಬನ್ ಕೆಳಗಿಟ್ಟಳು.

"ರಾತ್ರಿ ಎಲ್ಲ ಕೈ ನೋಡ್ಕೊಂಡು ಕೂರ್ತಿದ್ದೆ ಸರ್. ಏನೋ ಇರಬೌದು ನನ್ನ ಕೈಲಿ ಅಂತ ನನಗೇ ಅನ್ನಿಸ್ಬಿಟ್ಟಿತ್ತು."

"ತಪ್ಪಾಯ್ತು ಇಂದ್ರಾಣಿ."

"ನನ್ನ ಹತ್ರ ಹೇಳಿ ಏನ್ ಬಂತು? ನಕ್ಕಿದ್ದು ಅಲ್ಲಿ. ಅಲ್ಲೇ ಹೇಳಿ. ಸೋಮವಾರ ಅಂಗಡಿ ತುಂಬ ಜನ ಇರ್ತಾರೆ. ನಾನೂ ಬತ್ತೀನಿ."

ಸೋಮವಾರ ಬೆಂಚು ಭರ್ತಿಯಾಗಿತ್ತು, ಬಾಗಿಲಲ್ಲೂ ಜನ. ಆ ಬಿಳಿ ಪಂಚೆಯವರೂ ಇದ್ದರು. ಇಂದ್ರಾಣಿ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಕಂಪ್ಯೂಟರ್ ಆಫ್ ಮಾಡಿದೆ.

"ಏಯ್, ಏನ್ ಮಾಡ್ತಿದೀಯ?" ಎಂದರು ಶಿವಸ್ವಾಮಿ.

"ಒಂದ್ ನಿಮಿಷ ಸಾರ್." ಸ್ವಿಚ್ ಹಾಕಿ, ನನ್ನ ಬೆರಳುಗಳನ್ನು ನಡುಸಾಲಿನ ಮೇಲಿಟ್ಟು ಕೂತೆ. ಬೀಪ್ ಬೀಪ್. ಕೀಬೋರ್ಡ್ ಎರರ್. "ಈಗ ನೋಡಿ," ಎಂದು ಆಫ್ ಮಾಡಿ, ಮತ್ತೆ ಹಾಕಿ, ಕೈ ಮಡಿಲಲ್ಲಿಟ್ಟುಕೊಂಡೆ. ಸಲೀಸಾಗಿ ಶುರುವಾಯಿತು.

"ಶುರುವಾಗೋ ಮುಂಚೆ ಯಾರು ಬೆರಳಿಟ್ರೂ ಇದೇ ಗತಿ. ಟೈಪಿಂಗ್ ಕಲಿತೋರು ಬೆರಳಿಡ್ತಾರೆ, ಅದು ಅವರ ಪಾಠ. ಇವರ ತಪ್ಪು ಏನೂ ಇಲ್ಲ. ನನಗೆ ಮೂರನೇ ಸಲಾನೇ ಗೊತ್ತಾಗಿತ್ತು. ಬೇಕಂತ ಸುಳ್ಳು ಹೇಳ್ದೆ."

"ಯಾಕಯ್ಯ?"

ಇಷ್ಟು ಜನದ ಮುಂದೆ ಅದನ್ನೂ ಹೇಳಬೇಕಾಯಿತಲ್ಲ ಎಂದು ನೆಲ ಬಿರಿಯಬಾರದೇ ಅನ್ನಿಸಿತು. "ಇಲ್ಲಿಗೆ ಬತ್ತಾ ಇರಬೇಕಿತ್ತು ಸಾರ್. ಇವರನ್ನ ನೋಡಕ್ಕೆ."

ಯಾರೋ ಸಿಳ್ಳೆ ಹಾಕಿದರು. ಇಂದ್ರಾಣಿಯ ಮುಖ ಕೆಂಪಾಯಿತು. ಅರ್ಧ ಸಿಟ್ಟು, ಇನ್ನರ್ಧ ಏನೆಂದು ನನಗೆ ತಿಳಿಯಲಿಲ್ಲ.

"ಆವತ್ತು ಇವರ ಕೇರಿ ಎತ್ತಿ ಆಡಿದಾಗ ನಾನೂ ನಕ್ಕೆ. ನಾನು ಮಾಡಿದ್ದು ಹೊಲಸು ಕೆಲಸ."

ಶಿವಸ್ವಾಮಿಯವರು ಕೊನೆಗೆ ಕುರ್ಚಿ ಎಳೆದು, "ಕೂತ್ಕೊಳ್ಳವ್ವ," ಅಂದರು. ಇಂದ್ರಾಣಿ ಕೂತು, ಬಿಳಿ ಪಂಚೆಯವರ ಕಡೆ ಕೈ ಚಾಚಿದಳು. "ಅರ್ಜಿ ಕೊಡಿ."

ಅವರು ಅರ್ಜಿಯನ್ನು ಮೇಜಿನ ಮೇಲಿಟ್ಟರು. ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಅವರು ಕೆಮ್ಮಿದರು, ಆ ಕಡೆ ಈ ಕಡೆ ನೋಡಿದರು, ಅರ್ಜಿ ಎತ್ತಿ ಅವಳ ಕೈಗೇ ಕೊಟ್ಟರು.

ಮಧ್ಯಾಹ್ನ ಅವಳು ಹೊರಗೆ ಬಂದಾಗ ನಾನು ಇನ್ನೂ ರಸ್ತೆಯಾಚೆ ನಿಂತೇ ಇದ್ದೆ.

"ನೋಡಕ್ಕೆ ಬತ್ತಿದ್ದೆ ಅಂದ್ರಲ್ಲ, ನಿಮ್ಮನೇಲಿ ಹೇಳಿದೀರಾ?"

"ಇಲ್ಲ."

"ಶಿವಸ್ವಾಮಿ ಅಂಗಡೀಲಿ ಹೇಳೋದು ಸುಲಭ. ಅಲ್ಲಿ ನೀವು ದಿನಾ ಉಣ್ಣಲ್ಲ," ಎಂದು ಹೊರಟೇಹೋದಳು.

ಆ ಸಂಜೆ ಊಟಕ್ಕೆ ಕೂತಾಗ ನಮ್ಮ ಅವ್ವ ರುದ್ರಮ್ಮನಿಗೆ ಹೇಳಿದೆ. ಹುಡುಗಿಯ ಹೆಸರು, ಊರು, ಕೇರಿ, ಒಂದನ್ನೂ ಬಿಡಲಿಲ್ಲ. ಅವ್ವ ಸೌಟು ಹಿಡಿದು ನಿಂತೇಬಿಟ್ಟಳು.

"ಮೆತ್ತಗೆ ಮಾತಾಡೋ, ಪಕ್ಕದ ಮನೆಯೋರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ ಅಂತಾನೆ ಗಟ್ಟಿಯಾಗಿ ಹೇಳ್ತಿರೋದು."

ಭಾನುವಾರ ಬನ್ನೂರಿನ ಬುದ್ಧನ ಗುಡಿಯ ಹಿಂದಿನ ಮನೆ ಹುಡುಕಿಕೊಂಡು ಹೋದೆ. ಇಂದ್ರಾಣಿ ಬಾಗಿಲಲ್ಲೇ ತಡೆದಳು.

"ಹೇಳಿದ್ರಾ? ಏನಂದ್ರು?"

"ಆರು ದಿನದಿಂದ ಮಾತು ಬಿಟ್ಟಿದಾರೆ."

"ನೀವು?"

"ನಾನು ದಿನಾ ಸಂಜೆ ಅದನ್ನೇ ಹೇಳ್ತಿದೀನಿ."

ತುಟಿಯ ಕೊನೆ ಮೇಲೆ ಹೋಯಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. "ಪಾಪ, ನಿಮ್ಮವ್ವ! ಬನ್ನಿ ಒಳಗೆ."

ಅವಳ ತಾಯಿ ಮಹದೇವಮ್ಮ ಒಲೆಯ ಮುಂದಿನಿಂದ ದಡಬಡ ಎದ್ದರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು. "ನಮ್ಮಟ್ಟೀಲಿ ಉಣ್ತೀರಾ ಬುದ್ಧೀ?"

ನನ್ನ ಅವ್ವನಷ್ಟು ವಯಸ್ಸಿನವರು. ಅವರ ಬಾಯಲ್ಲಿ ನನಗೆ, ಧಣಿಗಳನ್ನು ಕರೆಯುವ ಹಾಗೆ, 'ಬುದ್ಧಿ'. ಅಷ್ಟು ನಾಚಿಕೆ ಸೋಮವಾರ ಅಂಗಡಿಯಲ್ಲೂ ಆಗಿರಲಿಲ್ಲ. "ನಂಜೇಶ ಅನ್ನಿ ಅವ್ವ. ಬಡಿಸಿ, ಹಸಿವಾಗಿದೆ," ಅಂದೆ.

ಮುದ್ದೆ, ಹುರುಳಿಕಾಳು ಸಾರು. ಎರಡನೇ ಮುದ್ದೆಯನ್ನೂ ಹಾಕಿಸಿಕೊಂಡೆ. ದೊಡ್ಡ ಕೆಲಸ ಮಾಡಿಬಿಟ್ಟೆ ಎನ್ನುವ ಜಂಬ ನನ್ನ ಮುಖದಲ್ಲಿ ಕಂಡಿರಬೇಕು.

"ಉಂಡಿದ್ದಕ್ಕೆ ಬಹುಮಾನ ಕೊಡಲ್ಲ," ಅಂದಳು ಇಂದ್ರಾಣಿ. "ತಟ್ಟೆ ತಗೊಂಡು ಏಳಿ. ಹಿತ್ತಲಲ್ಲಿ ನಲ್ಲಿ ಐತೆ."

"ಅಯ್ಯಯ್ಯೋ, ಏನವ್ವ ನೀನು! ಮನೆಗ್ ಬಂದೋರ ಕೈಲಿ..." ಎಂದು ಮಹದೇವಮ್ಮ ಗಾಬರಿಯಾದರು.

"ತೊಳೀಲಿ ಬುಡವ್ವ. ಅಪ್ಪ ಇವರ ಕಡೆ ಹೋಟ್ಲಲ್ಲಿ ಕಾಫಿ ಕುಡುದ್ರೆ ಲೋಟ ತೊಳೆದು ಹೊರಗಡೆ ಬೇರೆ ಮಡಗಿ ಬತ್ತಿರಲಿಲ್ವಾ?"

ನಾನು ಹಿತ್ತಲಿಗೆ ಹೋಗಿ ತಟ್ಟೆ ಉಜ್ಜಿದೆ. ತೊಳೆದು ತಿರುಗಿದರೆ ಇಂದ್ರಾಣಿ ಹಿಂದೆಯೇ ನಿಂತಿದ್ದಳು. ತಟ್ಟೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು.

"ಅಂಚಲ್ಲಿ ಸಾರು ಹಂಗೇ ಐತೆ."

ಮತ್ತೆ ತೊಳೆದೆ. ಈ ಸಲ ನನ್ನ ಒದ್ದೆ ಕೈಯಿಂದ ತಟ್ಟೆ ತೆಗೆದುಕೊಂಡು ಒಳಗೆ ಹೋದಳು, ಅವರ ಮನೆಯ ತಟ್ಟೆಗಳ ನಡುವೆ ಇಟ್ಟಳು.