ಗಂಗಕ್ಕನ ಹೊಲಕ್ಕೆ ಬಿದ್ದ ಕಲ್ಲುಪುಡಿ

"ನನ್ನ ಹೊಲ ಕೊಂದಾರ್ರಿ, ಟೀಚರಮ್ಮಾ. ಯಾರಂತ ನೀವು ಹೇಳ್ಲೇಬೇಕು," ಎಂದಳು ಗಂಗಕ್ಕ, ಒಳಗೆ ಕಾಲಿಡುವ ಮೊದಲೇ.

ಪದ್ಮಾವತಮ್ಮ ರಾಯದುರ್ಗದಲ್ಲಿ ವಿಜ್ಞಾನದ ಟೀಚರಾಗಿ ನಿವೃತ್ತರಾದವರು. ಊರಿನ ಕಳವು, ಮೋಸಗಳೆಲ್ಲ ಅವರ ಜಗಲಿಗೇ ಬರುತ್ತಿದ್ದವು. ನಾನು ಶಶಿಧರ್, ಪಕ್ಕದ ಮನೆಯ ಜೀನ್ಸ್ ಟೈಲರ್. ಅವರು ಹೊರಟರೆ ನನ್ನ ಬೈಕೂ ಹೊರಡುತ್ತಿತ್ತು.

ಗಂಗಕ್ಕ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ಸಾಕಾಗಿ, ಕಣೇಕಲ್ಲಿನ ತನ್ನ ಬರಡು ಹೊಲದಲ್ಲೇ ಬದುಕುತ್ತೇನೆಂದು ಮರಳಿದ್ದಳು. ಕೃಷಿ ಯೋಜನೆಯ ಮಮತಾ ಅವಳಿಗೆ ಕಲ್ಲಿದ್ದಲು ಗಣಿಯಲ್ಲಿ ಬಿಸಾಡುವ ಕಲ್ಲಿನ ಪುಡಿ ತರಿಸಿಕೊಟ್ಟಿದ್ದರು. ಗೊಬ್ಬರದ ಜೊತೆ ಬೆರೆಸಿದರೆ ಸತ್ತ ನೆಲದಲ್ಲೂ ತೇವ ನಿಲ್ಲುತ್ತದೆ ಎಂದಿದ್ದರು. ಬೆರೆಸಿ ಶೇಂಗಾ ಬಿತ್ತಿದಳು, ಮೊಳಕೆಯೆಲ್ಲ ಸುಟ್ಟುಹೋಯಿತು. ಬೆಳೆ ಇಲ್ಲದಿದ್ದರೆ ಮತ್ತೆ ಬೆಂಗಳೂರಿನ ಮಷಿನ್ನೇ ಗತಿ.

ನಾವು ಹೋದಾಗ ಹೊಲದಲ್ಲಿ ಯರ್ರಿಸ್ವಾಮಿ ಜನ ಸೇರಿಸಿಕೊಂಡು ಕೂಗಾಡುತ್ತಿದ್ದ. ಆತ ಜೀನ್ಸ್ ಹೊಲಿಸಿ, ತೊಳೆಸುವ ವಾಷಿಂಗ್ ಶೆಡ್ಡಿನ ಮಾಲೀಕ. ಮಾಲಿನ್ಯ ತನಿಖೆಯವರು ಬರುತ್ತಾರೆಂದು ಬಿತ್ತನೆಗೆ ಮುಂಚೆ ಶೆಡ್ಡನ್ನೆಲ್ಲ ಗುಡಿಸಿ ತೊಳೆಸಿದ್ದ.

"ಗಣಿ ಕಸ ತಂದು ರೈತರ ಬಾಯಿಗೆ ಮಣ್ಣು ಹಾಕ್ತೀರೇನ್ರಿ?" ಎಂದು ಮಮತಾರನ್ನು ಗದರಿದ.

"ಇದೇ ಲೋಡು ನೇಮಕಲ್ಲಿನ ಹೊಲಕ್ಕೂ ಹೋಗೈತ್ರಿ. ಅಲ್ಲಿ ಶೇಂಗಾ ಹಸಿರೈತಿ," ಎಂದರು ಮಮತಾ.

ಟ್ರ್ಯಾಕ್ಟರಿನ ರಾಮಾಂಜಿ ಹರಿದ ಅಂಗಿಗೆ ಪಿನ್ನು ಚುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದ. ದಾರಿ ಕೆಸರಾಗಿದ್ದರಿಂದ ಗಂಗಕ್ಕನ ಚೀಲಗಳನ್ನು ಯರ್ರಿಸ್ವಾಮಿಯ ಶೆಡ್ಡಿನಲ್ಲಿ ಇಳಿಸಿ, ಆಮೇಲೆ ಹೊಲಕ್ಕೆ ಸಾಗಿಸಿದವನು ಅವನೇ. ಪುಡಿ ಮಾರಿಕೊಂಡು ಇನ್ನೇನೋ ತುಂಬಿದ ಕಳ್ಳ ಇವನೇ ಎಂದು ನನಗೆ ಪಿತ್ತ ನೆತ್ತಿಗೇರಿತು.

ಪದ್ಮಾವತಮ್ಮ ಮಣ್ಣು ಮೂಸಿ ಮುಖ ಸಿಂಡರಿಸಿದರು. ಉಳಿದಿದ್ದ ಒಂದು ಚೀಲದ ಬದಿ ಕೊಯ್ದು ಹಿಡಿ ಪುಡಿ ತೆಗೆದು ಬಕೆಟ್ಟಿನ ನೀರಿಗೆ ಹಾಕಿದರು. ಬೂದು ಹರಳುಗಳು ತೇಲಿದವು.

"ಶಶಿ, ಈ ಚೀಲದ ಬಾಯಿ ಹೊಲಿಗಿ ಹ್ಯಾಂಗೈತಿ?"

"ಚಲೋ ಐತ್ರಿ. ಅಂಚು ಒಳಗ ಮಡಚಿ ಹೊಲದಾರ. ನಾನಾದ್ರೂ ಹಂಗೇ ಹೊಲೀತಿದ್ದೆ."

"ಅದಕ್ಕೇ ನಿನಗ ತಪ್ಪು ಕಾಣವಲ್ದು," ಎಂದು ಅವರು ಜನರತ್ತ ತಿರುಗಿದರು.

"ನೇಮಕಲ್ಲಿನಾಗ ಬೆಳಿ ಹಸಿರಿದ್ದಮ್ಯಾಲ ಗಣಿಕಲ್ಲಿನ ತಪ್ಪಿಲ್ಲ. ಆ ಕಲ್ಲು ಮುಳುಗತೈತಿ. ತೇಲೋದು ಜೀನ್ಸ್ ಉಜ್ಜೋ ಹಗುರ ಕಲ್ಲು. ವಾಸನಿ ಬ್ಲೀಚಿಂದು, ಮೊಳಕಿ ಸುಟ್ಟಿದ್ದು ಅದು. ಇನ್ನ ಚೀಲದ ಬಾಯಿ ಯಾರೂ ಮಡಚಿ ಹೊಲಿಯಂಗಿಲ್ಲ. ಪ್ಯಾಂಟು ಹೊಲಿಯೋ ಕೈ ಮಾತ್ರ ಬಿಚ್ಚಿದ ಅಂಚು ಕಂಡ್ರ ಮಡಚತೈತಿ. ಅಂಗಿಗೆ ಪಿನ್ನು ಹಾಕ್ಕೊಳ್ಳೋ ರಾಮಾಂಜಿ ಇಷ್ಟು ನೀಟಾಗಿ ಹೊಲೀತಾನೇನು? ಆ ಕಲ್ಲು, ಆ ಬ್ಲೀಚು, ಆ ಟೈಲರು ಇರೋದು ನಿನ್ನ ಶೆಡ್ಡಿನಾಗ, ಯರ್ರಿಸ್ವಾಮಿ. ತನಿಖೆಗೆ ಹೆದರಿ ನಿನ್ನ ಹೊಲಸೆಲ್ಲ ಈಕಿ ಚೀಲಕ್ಕ ತುಂಬಿಸಿದಿ. ಒಳ್ಳೆ ಪುಡಿ ಎಲ್ಲಿ ಸುರಿದಿ?"

"ಶೆಡ್ಡಿನ ಹಿಂದ," ಎಂದು ಆತ ಗೊಣಗಿದ. "ಮೊದಲೇ ಬರಡು ಹೊಲ ಅಲ್ಲೇನ್ರಿ..."

ಅನ್ನ ತಿನ್ನುವವನು ಆಡುವ ಮಾತೇ ಅದು? ನಾನು ಮುಂದೆ ನುಗ್ಗಿದೆ. ಗಂಗಕ್ಕ ನನ್ನನ್ನು ತಡೆದು, ಬದುವಿನ ಮೇಲಿದ್ದ ಬುಟ್ಟಿಯನ್ನು ಎತ್ತಿ ಆತನ ಎದೆಗೆ ಒತ್ತಿದಳು.

"ನಿಂದು ಬಾಚ್ಕೊಂಡು ಹೋಗು. ನಂದು ತಂದು ಹಾಕು. ಅಲ್ಲೀತನಕ ನಾ ಇಲ್ಲಿಂದ ಏಳಂಗಿಲ್ಲ."

ಆತ ತನ್ನ ಆಳುಗಳತ್ತ ನೋಡಿದ.

"ಅವರಲ್ಲ, ನೀನು," ಎಂದಳು ಗಂಗಕ್ಕ.

ಯರ್ರಿಸ್ವಾಮಿ ಬಿಳಿ ಪಂಚೆ ಎತ್ತಿಕಟ್ಟಿ ಬಗ್ಗಿದ. ಒಬ್ಬರೂ ಕೈಹಾಕಲಿಲ್ಲ. ಗಂಗಕ್ಕ ಬದುವಿನ ಮೇಲೆ ಕೂತು, ಆತ ಬಿಟ್ಟ ಜಾಗವನ್ನೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಳು.