ಆರನೇ ಹಾಸಿಗೆಯ ಎದೆಬಡಿತ

ಸಿರುಗುಪ್ಪದ ಆ ಹೆರಿಗೆ ಆಸ್ಪತ್ರೆಯಲ್ಲಿ ಏನು ಕಳೆದರೂ, ಏನು ಎಡವಟ್ಟಾದರೂ ಎಲ್ಲರೂ ಮೊದಲು ಹುಡುಕುತ್ತಿದ್ದುದು ಹಿರಿಯ ನರ್ಸ್ ಕುಲ್ಸುಂಬಿಯನ್ನು. ಬಾಣಂತಿಯ ಬೆರಳಿಂದ ಜಾರಿದ ಉಂಗುರವಿರಲಿ, ಅದಲುಬದಲಾದ ರಕ್ತದ ಶೀಶೆಯಿರಲಿ, ಮೂಲ ಪತ್ತೆ ಮಾಡುತ್ತಿದ್ದವಳು ಆಕೆಯೇ. ಬೆನ್ನಿಗೆ ಜೊತೆಯ ನರ್ಸ್ ಹೇಮಾ ಇದ್ದೇ ಇರುತ್ತಿದ್ದಳು. ಆ ಮಂಗಳವಾರ ಕಿರಿಯ ನರ್ಸ್ ಜಾಸ್ಮಿನ್ ಅಳುತ್ತ ಬಂದದ್ದೂ ಅವರಿಬ್ಬರ ಬಳಿಗೇ.

"ಅಕ್ಕ, ನನ್ನ ಕೆಲಸ ಹೋಗ್ತೈತ್ರಿ. ಊರಮ್ಮನ ಬಿಪಿ ನಾನು ತಪ್ಪು ಹಾಕೀನಂತ ಡಾಕ್ಟರು ಹೇಳಾಕತ್ಯಾರ. ನಾನು ಹಾಕೇ ಇಲ್ರಿ."

ಐದನೇ ಹಾಸಿಗೆಯ ಊರಮ್ಮ ಕೆಂಚನಗುಡ್ಡದ ತುಂಬು ಗರ್ಭಿಣಿ. ಸೋಮವಾರ ಅವಳಿಗೆ ಫಿಟ್ಸ್ ಬಂದು ಬಳ್ಳಾರಿಗೆ ಸಾಗಿಸಿದ್ದರು. ತಾಯಿ ಉಳಿದಿದ್ದಳು, ಕೂಸು ಇನ್ನೂ ಗಾಜಿನ ಪೆಟ್ಟಿಗೆಯಲ್ಲಿತ್ತು. ಟ್ಯಾಬಿನಲ್ಲಿ ಅವಳ ಬಿಪಿ ನೂರಾ ಇಪ್ಪತ್ತು ಎಂದಿತ್ತು, ಪಕ್ಕದಲ್ಲಿ ಜಾಸ್ಮಿನ್ ಹೆಸರಿತ್ತು.

ದಾಖಲೆ ಬುಕ್ಕಿನ ಬದಲು ಟ್ಯಾಬು ಬಂದ ಮೇಲೆ ನರ್ಸುಗಳಿಗೆ ರೋಗಿಗಿಂತ ಬ್ಯಾಟರಿಯ ಚಿಂತೆಯೇ ಹೆಚ್ಚಾಗಿತ್ತು. ವಾರ್ಡಿನವರಿಗೆಲ್ಲ ಅದನ್ನು ಕಲಿಸಿದವಳು ಹೇಮಾ, ಅದೂ ಒಂದೇ ಮಧ್ಯಾಹ್ನದಲ್ಲಿ.

ಜಾಸ್ಮಿನ್ ಹೇಳಿದ್ದು ಇಷ್ಟು. ಸೋಮವಾರ ಎಲ್ಲರ ಬಿಪಿ, ಗರ್ಭಿಣಿಯರ ಹೊಟ್ಟೆಯಲ್ಲಿನ ಕೂಸಿನ ಎದೆಬಡಿತ ನೋಡಿ, ಹಾಸಿಗೆ ಸಂಖ್ಯೆಯ ಪ್ರಕಾರ ಚೀಟಿಯಲ್ಲಿ ದಪ್ಪಗೆ ಬರೆದಿದ್ದಳು. ಊರಮ್ಮನದು ನೂರಾ ಅರವತ್ತು. ಅಷ್ಟು ಹೆಚ್ಚಿನ ಅಂಕಿ ಟ್ಯಾಬಿಗೆ ಬಿದ್ದರೆ ಡಾಕ್ಟರ ಫೋನು ತಾನೇ ಬಡಿದುಕೊಳ್ಳುತ್ತದೆ. ಅಷ್ಟರಲ್ಲಿ ಒಂದನೇ ಹಾಸಿಗೆಯವಳಿಗೆ ನೋವು ಶುರುವಾಯಿತು. ಟ್ಯಾಬಿನಲ್ಲಿ ಅವಳ ಹೆಸರನ್ನು ಹೆರಿಗೆ ಕೋಣೆಯ ಪಟ್ಟಿಗೆ ದಾಟಿಸಿ, ಅದನ್ನು ತನ್ನ ಹೆಸರಲ್ಲೇ ತೆರೆದಿಟ್ಟು ಓಡಿದಳು. ಮರಳಿದಾಗ ಚೀಟಿ ಇರಲಿಲ್ಲ, ಅಂಕಿಗಳು ತುಂಬಿದ್ದವು. ಆಗ ವಾರ್ಡಿನಲ್ಲಿದ್ದವರು ಹೇಮಾ, ಇನ್ನೊಬ್ಬ ನರ್ಸ್ ಚನ್ನಬಸಮ್ಮ, ಕುಲ್ಸುಂಬಿ. ಡಾಕ್ಟರು ಕೇಳಿದಾಗ ಹಾಕಿದವಳು ನಾನೆಂದು ಮೂವರಲ್ಲಿ ಯಾರೂ ಒಪ್ಪಿರಲಿಲ್ಲ.

ಕುಲ್ಸುಂಬಿ ಅಂದು ಬೆಳಿಗ್ಗೆಯಷ್ಟೇ ರಿಪೇರಿಯಾಗಿ ಬಂದ ಕನ್ನಡಕ ಏರಿಸಿ ಟ್ಯಾಬು ನೋಡಿದಳು.

"ಹೇಮಾ, ಆರನೇ ಹಾಸಿಗಿಯಾಕಿ ಯಾವತ್ತು ಹಡದಾಳ?"

"ಭಾನುವಾರ, ಅಕ್ಕ."

"ಮತ್ತ ಸೋಮವಾರ ಆಕಿ ಹೊಟ್ಯಾಗಿನ ಕೂಸಿನ ಎದಿಬಡಿತ ನೂರಾ ನಲವತ್ತು ಅಂತೈತಲ್ಲ."

ಹೇಮಾಳಿಗೆ ನಗು ಬಂತು. ಕುಲ್ಸುಂಬಿ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. "ಸಂಜಿಕ ಎಲ್ಲಾರನ್ನೂ ಕರಿ," ಎಂದಳು.

ಸಂಜೆ ಡಾಕ್ಟರ್ ಚಿದಾನಂದಪ್ಪನವರೂ ಬಂದರು.

"ಸರ್, ಸೋಮವಾರ ನಿಮ್ಮ ಫೋನು ಬಡಕೊಂತಲ್ಲ, ಯಾರ ಹೆಸರಿಗೆ?" ಕುಲ್ಸುಂಬಿ ಕೇಳಿದಳು.

"ಆರನೇ ಹಾಸಿಗೆಗೆ. ಬಂದು ನೋಡಿದೆ, ಬಿಪಿ ಸರಿಯಿತ್ತು. ಮಷೀನಿಗೆ ತಲೆ ಕೆಟ್ಟೈತಿ ಅಂತ ಹೋದೆ." ಪಕ್ಕದ ಹಾಸಿಗೆಯನ್ನು ತಾವೂ ನೋಡಲಿಲ್ಲವೆಂದು ಅವರಿಗೇ ನೆನಪಾಗಿ ತಲೆ ತಗ್ಗಿತು.

"ಐದರದ್ದು ಆರಕ್ಕ ಬಿದ್ದೈತಿ, ನಾಕರದ್ದು ಐದಕ್ಕ. ಒಂದನೇ ಹಾಸಿಗಿಯಾಕಿ ಹೆಸರು ಹೋದ ಕೂಡಲೇ ಟ್ಯಾಬಿನ್ಯಾಗ ಎಲ್ಲಾರೂ ಒಂದೊಂದು ಗೆರಿ ಮ್ಯಾಲೆ ಸರದಾರ. ಹಳೇ ಬುಕ್ಕಿನ್ಯಾಗ ಹಂಗಿರಲಿಲ್ಲ, ಹಾಸಿಗಿ ಖಾಲಿ ಆದ್ರೂ ಗೆರಿ ಅಲ್ಲೇ ಇರ್ತಿತ್ತು. ಚನ್ನಬಸಮ್ಮ, ಹೇಮಾ ಹೆಸರು ಓದಿ ಹಾಕ್ತಾರ. ಇದು ಗೆರಿ ಎಣಿಸಿ ಹಾಕಿದಾಕಿ ಕೆಲಸ. ಅವತ್ತು ಕನ್ನಡಕ ಇಲ್ದ ಟ್ಯಾಬಿನ ಸಣ್ಣ ಹೆಸರು ಕಾಣದಾಕಿ ಕೆಲಸ."

ಕುಲ್ಸುಂಬಿ ತನ್ನ ಜೇಬಿನಿಂದ ಮಡಚಿದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ನಾನ ಸರ್. ಹುಡುಗಿಗೆ ಸಹಾಯ ಆಗ್ಲೆಂತ ಹಾಕಿದೆ. ನೀವು ಬಂದಿದ್ದು ಊರಮ್ಮಗಂತ ತಿಳದು ನನ್ನ ಕೆಲಸ ಮುಗೀತು ಅಂದ್ಕೊಂಡೆ. ಆಮ್ಯಾಲೆ ಆಕಿ ಅಂಕಿ ತಪ್ಪೈತಿ ಅಂದಾಗ, ನಾ ಹಾಕಿದ್ದನ್ನ ಯಾರೋ ಕೆಡಿಸ್ಯಾರ ಅಂದ್ಕೊಂಡೆ. ಆದ್ರ ಬ್ಯಾರೆಯವರ ಹೆಸರಿನ್ಯಾಗ ಹಾಕೀನಿ ಅನ್ನಾಕ ನಾಚಿಕಿ ಆತು. ಇಪ್ಪತ್ತೆಂಟು ವರ್ಷದ ನರ್ಸಿಗೆ ಇದು ಬರಲ್ಲ ಅನ್ನಾಕ ಅದಕ್ಕಿಂತ ನಾಚಿಕಿ. ಜಾಸ್ಮಿನ್, ನಿನ್ನಿಯಿಂದ ನೀ ಅಳೋದು ನೋಡ್ಕೊಂತ ಸುಮ್ಮನಿದ್ದೆನವ್ವ."

ಡಾಕ್ಟರು ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದರು. ಪೆನ್ನು ಎತ್ತಿಕೊಳ್ಳುವ ಮುನ್ನ ಕುಲ್ಸುಂಬಿ ಹೇಮಾಳನ್ನೊಮ್ಮೆ ನೋಡಿ ಕಣ್ಣು ಇಳಿಸಿದಳು. ಆ ನೋಟಕ್ಕೆ ಹೇಮಾಳಿಗೆ ನೆನಪಾಯಿತು. ಟ್ಯಾಬು ಕಲಿಸಿದ ಮಧ್ಯಾಹ್ನ ಕುಲ್ಸುಂಬಿ ಮೆಲ್ಲಗೆ, ಗೆರೆ ಎಣಿಸಿದರೆ ಸಾಕೇ ಎಂದು ಕೇಳಿದ್ದಳು. ಹೇಮಾ ಫೋನಿನಿಂದ ತಲೆ ಎತ್ತದೆ, ಸಾಕು, ಬುಕ್ಕಿನಂಗೇ ಐತಿ ಎಂದಿದ್ದಳು. ಎಲ್ಲ ಹೆಜ್ಜೆಯನ್ನೂ ಬಿಡಿಸಿ ಹೇಳಿದ ಕುಲ್ಸುಂಬಿ ಅದೊಂದನ್ನು ಮಾತ್ರ ನುಂಗಿಕೊಂಡಿದ್ದಳು. ಹೇಮಾ ತಾನೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಕುರ್ಚಿ ಹಿಡಿದು ಎದ್ದು ನಿಂತಳು.

"ಸರ್, ಅದರಾಗ ನನ್ನ ಹೆಸರೂ ಬರೀಬೇಕ್ರಿ."